ಕೋಲಾರದ ಆ ರಾಗಿ ಮಿಲ್ಲಿಗೆ ಹೋಗಿ ಬನ್ನಿ

ಕೋಲಾರದ ಕ್ಲಾಕ್ ಟವರ್ ಹತ್ತಿರ ಸಂದಿಯೊಳಗೆ ಒಂದು ಹಳೇ ಹಿಟ್ಟಿನ ಮಿಲ್ ಇದೆ. ರಾಗಿ ಹಿಟ್ಟು ಬೇಕಿದ್ದವರು ಕಣ್ಣು ಮುಚ್ಚಿಕೊಂಡು ಹೋಗಬಹುದು. ರಾಗಿಗೇ ಅಂತ ಬೇರೆ ಕಲ್ಲು ಇಟ್ಟಿದ್ದಾರೆ, ಗೋಧಿ, ಅಕ್ಕಿ ಅದಕ್ಕೆ ಹಾಕಲ್ಲ. ಮೊದಲು ಜರಡಿ ಹಿಡಿದು ಮಣ್ಣು, ಕಲ್ಲು ತೆಗೆಯುತ್ತಾರೆ. ಹಿಟ್ಟು ಬೀಳುತ್ತಿದ್ದಂತೆ ಮಿಲ್ಲಿನ ಅಣ್ಣ ಎರಡು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ತರಿ ಅನಿಸಿದರೆ ಕಲ್ಲು ಬಿಗಿ ಮಾಡುತ್ತಾರೆ. "ಮನೆಗೆ ಹೋಗಿ ಹರಡಿ ಆರಿಸಮ್ಮ, ಬಿಸಿ ಹಿಟ್ಟು ಡಬ್ಬಿಗೆ ತುಂಬಿದರೆ ಮುಗ್ಗಲು ವಾಸನೆ ಬರುತ್ತೆ" ಅಂತ ಎಲ್ಲರಿಗೂ ಹೇಳುತ್ತಾರೆ. ಮುದ್ದೆ ನುಣ್ಣಗೆ ಬರುತ್ತೆ, ಗಂಟೇ ಇರಲ್ಲ.

ರಾಗಿ ತರದವರಿಗೆ ಅಲ್ಲೇ ಸಿಗುತ್ತೆ. ಸುತ್ತಲಿನ ಹಳ್ಳಿಯ ರೈತರಿಂದಲೇ ಕೊಳ್ಳುತ್ತಾರೆ. ನನಗೆ ಇದೇ ದೊಡ್ಡ ವಿಷಯ. ನಾನು ಕತಾರಿನ ದೋಹಾದಲ್ಲಿ ನರ್ಸ್ ಆಗಿದ್ದವಳು. 2017ರ ಜೂನ್ 5ರಂದು ಸೌದಿ ಗಡಿ ಮುಚ್ಚಿತು. ಕತಾರಿಗೆ ರಸ್ತೆ ದಾರಿ ಅದೊಂದೇ. ತಿನ್ನೋದೆಲ್ಲ ಹೆಚ್ಚುಕಮ್ಮಿ ಹೊರಗಿಂದಲೇ ಬರಬೇಕು. ನಮ್ಮ ಸೂಪರ್ ಮಾರ್ಕೆಟ್‌ನಲ್ಲಿ ಹಾಲು, ಕೋಳಿ ಇಡುವ ಕಡೆ ಖಾಲಿ. ಜನ ಅಕ್ಕಿ ಮೂಟೆಗಳನ್ನು ಗಾಡಿಗೆ ತುಂಬುತ್ತಿದ್ದರು. ಅಲ್ಲಿ ದುಡ್ಡಿಗೇನು ಬರ ಇರಲಿಲ್ಲ ಅಲ್ವಾ? ಟರ್ಕಿ, ಇರಾನಿನಿಂದ ಸಾಮಾನು ತರಿಸಿದರು. ಹಾಲಿಗೆ ಅಂತ ಹಸುಗಳನ್ನೇ ವಿಮಾನದಲ್ಲಿ ಇಳಿಸಿದರು. ಆದರೆ ಅಕ್ಕಿ, ಗೋಧಿಗೆ ಈಗಲೂ ಹಡಗೇ ಗತಿ. 2023ರ ಜುಲೈನಲ್ಲಿ ನಮ್ಮ ದೇಶ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ, ಸೋನಾ ಮಸೂರಿಗೆ ಅಂಗಡಿ ಅಂಗಡಿ ಅಲೆದೆ ಅಂತ ಅಲ್ಲಿನ ಗೆಳತಿ ಫೋನಲ್ಲಿ ಗೋಳಾಡಿದಳು.

ರಾಗಿ ಹಾಗಲ್ಲ. ನಮ್ಮ ಒಣ ನೆಲದಲ್ಲಿ ಮಳೆ ನಂಬಿಕೊಂಡು ಬರುತ್ತೆ. ಚೆನ್ನಾಗಿ ಒಣಗಿಸಿಟ್ಟರೆ ಹುಳ ಬೀಳದೆ ವರ್ಷಗಟ್ಟಲೆ ಇರುತ್ತೆ. ಹಿಂದಿನವರು ಹಗೇವು ತೋಡಿ ತುಂಬಿಡುತ್ತಿದ್ದದ್ದು ಸುಮ್ನೆ ಅಲ್ಲ. ಅಂಥ ಹೊಲಕ್ಕೆ ನೀಲಗಿರಿ ಹಾಕೋದು, ಲೇಔಟ್ ಮಾಡೋದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ. ಊರಿನ ರಾಗಿ ಕೊಳ್ಳುವ ಇಂಥ ಮಿಲ್ ಇದ್ದರೆ ತಾನೇ ರೈತನೂ ಬಿತ್ತೋದು?

ಕುಂದೂ ಇದೆ. ಕೂರೋಕೆ ಒಂದು ಬೆಂಚಿಲ್ಲ, ವಯಸ್ಸಾದವರಿಗೆ ಕಷ್ಟ. ಕರೆಂಟ್ ಹೋದರೆ ಕಾಯಲೇಬೇಕು. ಭಾನುವಾರ ರಶ್ ಜಾಸ್ತಿ, ವಾರದ ಮಧ್ಯೆ ಬೆಳಗ್ಗೆಯೇ ಹೋಗಿ. ಬಟ್ಟೆ ಚೀಲ ಮರೆಯಬೇಡಿ. ಮನೆಯಲ್ಲಿ ಮಗು ಇದ್ದರೆ ರಾಗಿ ಮೊಳಕೆ ಕಟ್ಟಿ ಒಣಗಿಸಿಕೊಂಡು ಹೋಗಿ, ಮಗುವಿನ ರಾಗಿ ಸರಿಗೆ ಅಂತ ಹೇಳಿದರೆ ಇನ್ನೂ ನುಣ್ಣಗೆ ಬೀಸಿಕೊಡುತ್ತಾರೆ.