ಬಿ.ಎಚ್. ರಸ್ತೆಯಲ್ಲಿ ಸಿಕ್ಕ 42ರ ಅಂಗಿ

ತುಮಕೂರಿನ ಬಿ.ಎಚ್. ರಸ್ತೆಯ ಕ್ರೀಡಾ ಸಾಮಗ್ರಿ ಅಂಗಡಿಯೊಂದರಲ್ಲಿ, ಕ್ರಿಕೆಟ್ ಬ್ಯಾಟುಗಳ ನಡುವೆ ತೂಗುಹಾಕಿದ್ದ ಅಮೆರಿಕದ ಬೇಸ್‌ಬಾಲ್ ತಂಡವಾಗಿದ್ದ ಬ್ರೂಕ್ಲಿನ್ ಡಾಡ್ಜರ್ಸ್‌ನ ಮಾದರಿಯ ಬಿಳಿ ಅಂಗಿಯನ್ನು ಬೆನ್ನ ಮೇಲಿನ 42 ಎಂಬ ಸಂಖ್ಯೆ ನೋಡಿಯೇ ಕೊಂಡೆ. ಅದು ಆ ತಂಡದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ತೊಟ್ಟ ಸಂಖ್ಯೆ. 1947ರ ಏಪ್ರಿಲ್ 15ರಂದು, ತಮ್ಮ 28ನೆಯ ವಯಸ್ಸಿನಲ್ಲಿ ಮೈದಾನಕ್ಕಿಳಿದ ಅವರು, ದಶಕಗಳಿಂದ ಕಪ್ಪು ಆಟಗಾರರಿಗೆ ಮುಚ್ಚಿದ್ದ, ಅಲ್ಲಿನ ಅತ್ಯುನ್ನತ ವೃತ್ತಿಪರ ಸ್ಪರ್ಧೆಯಾದ ಮೇಜರ್ ಲೀಗ್ ಬೇಸ್‌ಬಾಲ್‌ನ ಬಾಗಿಲನ್ನು ತೆರೆದರು. ಬೈಗುಳಗಳಿಗೆ ತಿರುಗಿ ಮಾತಾಡದೆ ಆಡಿ ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿಯನ್ನೂ, 1949ರಲ್ಲಿ .342ರ ಬ್ಯಾಟಿಂಗ್ ಸರಾಸರಿಯೊಂದಿಗೆ (ಬ್ಯಾಟ್ ಹಿಡಿದ ನೂರು ಸರದಿಗೆ ಸುಮಾರು 34 ಯಶಸ್ವಿ ಹೊಡೆತ) ಮೇಜರ್ ಲೀಗಿನ ಎರಡು ವಿಭಾಗಗಳಲ್ಲೊಂದಾದ ನ್ಯಾಷನಲ್ ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಗೌರವವನ್ನೂ ಪಡೆದರು. 1997ರಲ್ಲಿ ಮೇಜರ್ ಲೀಗಿನ ಎಲ್ಲ ತಂಡಗಳಿಂದಲೂ 42 ಸಂಖ್ಯೆಯನ್ನು ನಿವೃತ್ತಿಗೊಳಿಸಲಾಯಿತು, ಅಂದರೆ ಅದನ್ನು ಹೊಸ ಆಟಗಾರರಿಗೆ ಕೊಡುವುದನ್ನು ನಿಲ್ಲಿಸಲಾಯಿತು.

ಬಟ್ಟೆ ದಪ್ಪವಾಗಿದೆ, ಹೊಲಿಗೆ ಅಚ್ಚುಕಟ್ಟಾಗಿದೆ. ಆದರೆ ಎದೆಯ ಮೇಲಿನ ಕೆಂಪು ಸಂಖ್ಯೆ ಆ ತಂಡದ ಅಂಗಿಗೆ ಬಂದದ್ದು 1952ರಲ್ಲಿ. ಹೀಗಿರುವಾಗ ಕೊರಳಪಟ್ಟಿಯ ಚೀಟಿಯಲ್ಲಿ 1947 ಎಂದು ಅಚ್ಚು ಹಾಕಿರುವುದು ತಪ್ಪು. (ತುಮಕೂರಿನಲ್ಲಿ ಇದನ್ನು ಗಮನಿಸುವವರು ನಾಲ್ಕು ಜನ ಇದ್ದರೆ ಹೆಚ್ಚು.) ಅದಕ್ಕಿಂತ ಬೇಸರ ತಂದದ್ದು, ಎರಡನೆಯ ಒಗೆತಕ್ಕೇ ಬೆನ್ನ ಮೇಲಿನ 2ರ ಬಾಲ ಮೇಲೆದ್ದು ಸುರುಳಿಯಾದದ್ದು. ಅಂಗಡಿಯವರು ತಕರಾರಿಲ್ಲದೆ, ಮೇಲೊಂದು ತೆಳುಬಟ್ಟೆ ಹಾಸಿ ಇಸ್ತ್ರಿ ಒತ್ತಿ ಕೂರಿಸಿಕೊಟ್ಟರು. 4 ಇನ್ನೂ ಗಟ್ಟಿಯಾಗಿಯೇ ಇದೆ.