ರಿಟರ್ನ್ ಹಂಗಾಮಿನಲ್ಲಿ ಬ್ರೌಸರ್ ಪರೀಕ್ಷೆ: ಕ್ರೋಮ್, ಫೈರ್‌ಫಾಕ್ಸ್ ಮತ್ತು ಉಳಿದವು

ಉಡುಪಿಯ ಕಲ್ಸಂಕದ ಸಮೀಪ ತೆರಿಗೆ ಸಲಹೆಯ ಸಣ್ಣ ಕಚೇರಿಯೊಂದನ್ನು ನಾನು ನಡೆಸುತ್ತಿದ್ದೇನೆ. ಅಲ್ಲಿರುವುದು ಮೂರು ಕಂಪ್ಯೂಟರ್‌ಗಳು: ಒಂದರಲ್ಲಿ ವಿಂಡೋಸ್ 11, ಇನ್ನೊಂದರಲ್ಲಿ ವಿಂಡೋಸ್ 10, ಮೂರನೆಯದು, ಹಳೆಯ ಸ್ಕ್ಯಾನರಿನ ಡ್ರೈವರ್ ಬೇರೆಲ್ಲೂ ಓಡುವುದಿಲ್ಲವೆಂಬ ಒಂದೇ ಕಾರಣಕ್ಕೆ, ವಿಂಡೋಸ್ 7ರಲ್ಲಿಯೇ ಉಳಿದಿದೆ. ಗ್ರಾಹಕರ ಪ್ಯಾನ್, ಆಧಾರ್, ಬ್ಯಾಂಕ್ ಖಾತೆಯ ವಿವರ, ಜಿಎಸ್‌ಟಿ ಲಾಗಿನ್ ಎಲ್ಲವೂ ಈ ಯಂತ್ರಗಳ ಬ್ರೌಸರ್ ಮೂಲಕವೇ ಹಾದುಹೋಗುತ್ತವೆ. ಹಾಗಿದ್ದರೂ ಯಾವ ಬ್ರೌಸರ್ ಎಂಬ ಪ್ರಶ್ನೆಯನ್ನು ಹತ್ತು ವರ್ಷಗಳಲ್ಲಿ ಒಮ್ಮೆಯೂ ನಾನು ಕೇಳಿಕೊಂಡಿರಲಿಲ್ಲ. ನಮ್ಮ ಗ್ರಾಹಕರಲ್ಲಿ ಬಹಳ ಮಂದಿಗೆ ಬ್ರೌಸರ್ ಎಂಬ ಪದವೇ ಬೇಕಿಲ್ಲ. ಅವರ ಪಾಲಿಗೆ ಕ್ರೋಮ್‌ನ ಹೆಸರೂ ಗೂಗಲ್, ಇಂಟರ್‌ನೆಟ್‌ನ ಹೆಸರೂ ಗೂಗಲ್.

2025ರ ಮೇ ತಿಂಗಳ ಕೊನೆಯಲ್ಲಿ, ಪಿಡಿಎಫ್ ಕಡತಗಳನ್ನು ಒಟ್ಟುಗೂಡಿಸಲು ಹಾಕಿಕೊಂಡಿದ್ದ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಸಣ್ಣ ತಂತ್ರಾಂಶ) ಒಂದು ಇದ್ದಕ್ಕಿದ್ದಂತೆ ಶೋಧದ ಫಲಿತಾಂಶಗಳ ನಡುವೆ ಜಾಹೀರಾತುಗಳನ್ನು ತೂರಿಸತೊಡಗಿತು. ಎರಡು ವರ್ಷ ಸಭ್ಯವಾಗಿ ಕೆಲಸ ಮಾಡಿದ್ದ ಅದು ಬೇರೆಯವರ ಕೈಗೆ ಹೋಗಿತ್ತೆಂದು ಅದರ ಪುಟದಲ್ಲಿ ಬದಲಾಗಿದ್ದ ಹೆಸರನ್ನು ನೋಡಿದಾಗ ತಿಳಿಯಿತು. ಅದನ್ನು ಕಿತ್ತುಹಾಕಲು ಕುಳಿತಾಗ ಅದಕ್ಕಿಂತ ದೊಡ್ಡ ಸಂಗತಿಯೊಂದು ಕಣ್ಣಿಗೆ ಬಿತ್ತು: ನನ್ನ ಸಹಾಯಕಿಯ ಯಂತ್ರದಲ್ಲಿ ಬ್ರೌಸರ್ ಸುಮಾರು ಮೂರು ವಾರಗಳಿಂದ ಮುಚ್ಚಿ ತೆರೆಯಲ್ಪಡುವುದಕ್ಕಾಗಿ ಕಾಯುತ್ತಿತ್ತು. ಅಪ್‌ಡೇಟ್ ಇಳಿದು ಬಂದಿತ್ತು, ಆದರೆ ಜಾರಿಗೆ ಬಂದಿರಲಿಲ್ಲ. ಅವಳನ್ನು ದೂರುವ ಹಾಗಿರಲಿಲ್ಲ, ನನ್ನದೂ ಹನ್ನೊಂದು ದಿನಗಳಿಂದ ಹಾಗೆಯೇ ಇತ್ತು.

ಹೀಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ರಿಟರ್ನ್ ಹಂಗಾಮಿನಲ್ಲಿ ಒಂದೊಂದು ಬ್ರೌಸರನ್ನೂ ಕೆಲವು ವಾರಗಳ ಕಾಲ ಮುಖ್ಯ ಬ್ರೌಸರ್ ಆಗಿ ಬಳಸಿ ನೋಡುವುದೆಂದು ನಿಶ್ಚಯಿಸಿದೆ. ವೇಗವನ್ನು ನಾನು ಅಳೆಯಲಿಲ್ಲ. ನಮ್ಮ ಕೆಲಸದಲ್ಲಿ ಕಾಯುವುದು ಓಟಿಪಿಗಾಗಿಯೇ ಹೊರತು ಬ್ರೌಸರಿಗಾಗಿ ಅಲ್ಲ. ಮುಂದಿಟ್ಟುಕೊಂಡದ್ದು ಎರಡು ಪ್ರಶ್ನೆಗಳನ್ನು: ದೋಷವೊಂದು ಪತ್ತೆಯಾದಾಗ ಅದನ್ನು ತಿದ್ದುವ ಪ್ಯಾಚ್ ನನ್ನ ಮೇಜಿನವರೆಗೆ ಎಷ್ಟು ಬೇಗ ಬರುತ್ತದೆ, ಮತ್ತು ಅದನ್ನು ಕೊಡುವ ಕಂಪನಿಯ ಅನ್ನ ಎಲ್ಲಿಂದ ಬರುತ್ತದೆ. ಇವೆರಡೂ ಒಂದೇ ಪ್ರಶ್ನೆ ಎಂದು ಮೊದಲು ನಾನೂ ಭಾವಿಸಿದ್ದೆ.

ಮೊದಲನೆಯ ಪ್ರಶ್ನೆಯಲ್ಲಿ ಕ್ರೋಮ್‌ಗೆ ಕೊಡಬೇಕಾದ ಮನ್ನಣೆಯನ್ನು ಕೊಡಲೇಬೇಕು. ಅದರ ಒಡಲಾದ ಕ್ರೋಮಿಯಂ ಮುಕ್ತ ತಂತ್ರಾಂಶ. ಯಾವುದೇ ದೋಷದ ತಿದ್ದುಪಡಿ ಮೊದಲು ಎಲ್ಲರಿಗೂ ಕಾಣುವ ಮೂಲ ಸಂಕೇತದಲ್ಲಿ ಸೇರುತ್ತದೆ, ಆಮೇಲಷ್ಟೇ ಬಳಕೆದಾರರ ಯಂತ್ರಕ್ಕೆ ಬರುತ್ತದೆ. ಬಡಗಿ ರಿಪೇರಿಗೆಂದು ಬರೆದಿಟ್ಟ ಚೀಟಿಯನ್ನು ಓದಿಯೇ ಯಾವ ಮನೆಯ ಚಿಲಕ ಸಡಿಲವಾಗಿದೆಯೆಂದು ಕಳ್ಳ ತಿಳಿದುಕೊಳ್ಳಬಹುದಾದಂತೆ, ಆ ನಡುವಿನ ದಿನಗಳಲ್ಲಿ ತಿದ್ದುಪಡಿಯನ್ನು ನೋಡಿಯೇ ದಾಳಿಯನ್ನು ಹೆಣೆಯುವವರಿದ್ದಾರೆ. ಒಂದು ಕಾಲದಲ್ಲಿ ಸರಾಸರಿ 35 ದಿನವಿದ್ದ ಈ ಅಂತರವು ಎರಡು ವಾರಕ್ಕೊಮ್ಮೆ ಪ್ಯಾಚ್ ಕೊಡತೊಡಗಿದ ಮೇಲೆ ಸುಮಾರು 15 ದಿನಕ್ಕೆ ಇಳಿಯಿತೆಂದು ಗೂಗಲ್ ತಿಳಿಸಿತ್ತು. 2023ರ ಆಗಸ್ಟ್‌ನಲ್ಲಿ, 116ನೇ ಆವೃತ್ತಿಯಿಂದ, ಭದ್ರತಾ ಪ್ಯಾಚ್‌ಗಳು ವಾರಕ್ಕೊಮ್ಮೆ ಬರತೊಡಗಿದವು. ಒಂದು ಜಾಲತಾಣದ ಪುಟವು ಇನ್ನೊಂದರ ಮಾಹಿತಿಯನ್ನು ಇಣುಕದಂತೆ ಅವನ್ನು ಬೇರೆ ಬೇರೆ ಪ್ರೊಸೆಸ್‌ಗಳಲ್ಲಿ ಇಡುವ ವ್ಯವಸ್ಥೆಯೂ ಕ್ರೋಮ್‌ನಲ್ಲಿ 2018ರಲ್ಲೇ ಎಲ್ಲರಿಗೂ ಬಂತು, ಫೈರ್‌ಫಾಕ್ಸ್‌ನಲ್ಲಿ ಅದು ಬಂದದ್ದು 2021ರ ಕೊನೆಯಲ್ಲಿ. ಬ್ಯಾಂಕಿನ ಟ್ಯಾಬ್ ಪಕ್ಕದಲ್ಲೇ ಗ್ರಾಹಕರು ಕಳಿಸಿದ ಗೊತ್ತುಗುರಿಯಿಲ್ಲದ ಲಿಂಕ್‌ಗಳನ್ನು ತೆರೆಯುವ ನಮ್ಮಂಥವರಿಗೆ ಮೂರು ವರ್ಷದ ಈ ವ್ಯತ್ಯಾಸ ಚಿಕ್ಕದೇನೂ ಅಲ್ಲ.

ಇನ್ನು ಎರಡನೆಯ ಪ್ರಶ್ನೆ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯನ್ನು ಕಂಡವರು ನಮ್ಮ ಊರಿನಲ್ಲಿ ಎಲ್ಲ ಮನೆಗಳಲ್ಲೂ ಇದ್ದಾರೆ. ಠೇವಣಿಯ ಹಣ ಸಂಗ್ರಹಿಸಲು ಪಿಗ್ಮಿಯವರು ಮನೆಗೇ ಬಂದಾಗ ನನ್ನ ತಂದೆ ಒಂದು ಪ್ರಶ್ನೆಯನ್ನೂ ಕೇಳದೆ ಹಣವನ್ನು ಎಣಿಸಿ ಕೊಡುತ್ತಿದ್ದರು. ಆದರೆ ಅಕ್ಕನಿಗೆ ನೋಡಿದ ಸಂಬಂಧದ ಮಾತು ನಡೆಯುತ್ತಿದ್ದರೆ ಅವರು ಹೊರಡುವ ತನಕ ಆ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. ಹಣದ ವಿಷಯದ ನಂಬಿಕೆಯೇ ಬೇರೆ, ಮನೆಯ ಗುಟ್ಟಿನ ವಿಷಯದ ನಂಬಿಕೆಯೇ ಬೇರೆ. ಕ್ರೋಮ್ ಬಗ್ಗೆ ನನ್ನ ಅಭಿಪ್ರಾಯ ಬಂದು ನಿಂತದ್ದು ಇಲ್ಲಿಯೇ. ಹೊರಗಿನ ಕಳ್ಳನನ್ನು ತಡೆಯುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ಆದರೆ ಜಾಹೀರಾತಿನಿಂದ ಬದುಕುವ ಕಂಪನಿ, ನಾನು ಏನು ನೋಡುತ್ತೇನೆಂಬುದರ ಬಗ್ಗೆ ನಿರ್ಲಿಪ್ತವಾಗಿರಲಿ ಎಂದು ನಿರೀಕ್ಷಿಸುವುದು ಹೇಗೆ? ಖಾಸಗಿ ಎನಿಸಿಕೊಂಡ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಮಾಡಿದ ಜಾಲಾಟದ ಮಾಹಿತಿಯನ್ನು ಕುರಿತ ಮೊಕದ್ದಮೆಯ ರಾಜಿಯಲ್ಲಿ ಶತಕೋಟಿಗಟ್ಟಲೆ ದಾಖಲೆಗಳನ್ನು ಅಳಿಸಲು ಅದು ಒಪ್ಪಿದ್ದು 2024ರಲ್ಲಿ. ತಾಣದಿಂದ ತಾಣಕ್ಕೆ ನಮ್ಮ ಜಾಡು ಹಿಡಿಯಲು ಜಾಹೀರಾತುದಾರರು ಬಳಸುವ ಮೂರನೆಯವರ ಕುಕಿಗಳನ್ನು ಎರಡು ವರ್ಷದೊಳಗೆ ನಿಲ್ಲಿಸುತ್ತೇವೆಂದು 2020ರ ಆರಂಭದಲ್ಲಿ ಹೇಳಿ, ಮತ್ತೆ ಮತ್ತೆ ಮುಂದೂಡಿ, ಕೊನೆಗೆ 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟದ್ದೂ ದಾಖಲಾದ ಸಂಗತಿಯೇ. ನಾನು ಪರೀಕ್ಷಿಸುತ್ತಿದ್ದ ತಿಂಗಳುಗಳಲ್ಲಿಯೇ ಎಕ್ಸ್‌ಟೆನ್ಷನ್‌ಗಳ ಹಳೆಯ ಪದ್ಧತಿಯನ್ನು ಕ್ರೋಮ್ ಪೂರ್ತಿಯಾಗಿ ಮುಚ್ಚಿದ್ದರಿಂದ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಅದರಲ್ಲಿ ನಿಂತುಹೋಗಿ, ಶಕ್ತಿ ಕಡಿಮೆಯಿರುವ ಲೈಟ್ ರೂಪ ಮಾತ್ರ ಉಳಿಯಿತು. ಹೊಸ ಪದ್ಧತಿಯಿಂದ ಸುರಕ್ಷತೆ ಹೆಚ್ಚುತ್ತದೆ ಎಂಬ ಗೂಗಲ್‌ನ ವಾದದಲ್ಲಿ ಹುರುಳಿಲ್ಲದಿಲ್ಲ. ನನ್ನ ಪಿಡಿಎಫ್ ಎಕ್ಸ್‌ಟೆನ್ಷನ್ ಮಾಡಿದ್ದನ್ನು ಕಂಡವನಾಗಿ ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಜಾಹೀರಾತು ಮಾರುವವರೇ ಜಾಹೀರಾತು ತಡೆಯುವ ಸಾಧನದ ಅಳತೆಯನ್ನು ನಿರ್ಧರಿಸುವಾಗ ಆ ವಾದವನ್ನು ಅರ್ಧ ಕಿವಿಯಿಂದಷ್ಟೇ ಕೇಳಬೇಕಾಗುತ್ತದೆ.

ಫೈರ್‌ಫಾಕ್ಸ್‌ಗೆ ನಾನು ಹೆಚ್ಚು ವಾರಗಳನ್ನು ಕೊಟ್ಟೆ. ಉಳಿದವುಗಳೆಲ್ಲ ಕ್ರೋಮಿಯಂನ ಮಕ್ಕಳು, ಇದೊಂದೇ ಬೇರೆ ಮನೆತನದ್ದು. 2024ರ ಅಕ್ಟೋಬರ್‌ನಲ್ಲಿ ಇಸೆಟ್ ಎಂಬ ಭದ್ರತಾ ಕಂಪನಿಯವರು, ಆಗಲೇ ದಾಳಿಗೆ ಬಳಕೆಯಾಗುತ್ತಿದ್ದ ದೋಷವೊಂದನ್ನು ತಿಳಿಸಿದಾಗ, ಸುಮಾರು 25 ಗಂಟೆಗಳಲ್ಲಿ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಪ್ಯಾಚ್ ಹೊರತಂದಿತು. ಸಣ್ಣ ಸಂಸ್ಥೆಯೆಂದ ಮಾತ್ರಕ್ಕೆ ನಿಧಾನವೆಂದು ಹೇಳಲು ಬರುವುದಿಲ್ಲ. ಬೇರೆ ಮನೆತನವಾದರೂ ಪಾತ್ರೆಗಳನ್ನು ಎಲ್ಲರೂ ಒಂದೇ ಅಂಗಡಿಯಿಂದ ತರುತ್ತಾರೆಂಬುದೂ ನಿಜ: ವೆಬ್‌ಪಿ ಚಿತ್ರಗಳನ್ನು ಬಿಡಿಸುವ ಲೈಬ್ರರಿಯಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಸಿಕ್ಕ ದೋಷಕ್ಕೆ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಬ್ರೇವ್ ಎಲ್ಲವೂ ಗುರಿಯಾಗಿದ್ದವು, ಕ್ರೋಮ್ 11ರಂದು, ಫೈರ್‌ಫಾಕ್ಸ್ 12ರಂದು ಪ್ಯಾಚ್ ಕೊಟ್ಟವು. ಒಂದು ದಿನದ ಈ ವ್ಯತ್ಯಾಸಕ್ಕೆ ಜಗಳಾಡುವುದರಲ್ಲಿ ಅರ್ಥವಿಲ್ಲ, ಅದರಲ್ಲೂ ಬಂದ ಪ್ಯಾಚನ್ನು ಮೂರು ವಾರ ಕಾಯಿಸಿದ ನಮ್ಮಂಥವರಿಗೆ.

ಮೊಜಿಲ್ಲಾದ ಕೈಯೂ ಅಷ್ಟೇನೂ ಸ್ವಚ್ಛವಲ್ಲ. 2019ರ ಮೇ ತಿಂಗಳಿನಲ್ಲಿ ಗುರುತನ್ನು ಖಾತ್ರಿಪಡಿಸುವ ಡಿಜಿಟಲ್ ಪ್ರಮಾಣಪತ್ರವೊಂದರ ಅವಧಿ ಮುಗಿಯುವುದನ್ನು ಗಮನಿಸದೆ ಹೋದದ್ದರಿಂದ ಲೋಕದಾದ್ಯಂತ ಅದರ ಬಳಕೆದಾರರ ಎಕ್ಸ್‌ಟೆನ್ಷನ್‌ಗಳು ಒಮ್ಮೆಲೇ ನಿಂತುಹೋಗಿದ್ದವು. 2025ರ ಫೆಬ್ರವರಿಯಲ್ಲಿ ಹೊಸ ಬಳಕೆಯ ನಿಯಮಗಳನ್ನು ತಂದಾಗ, ನಿಮ್ಮ ಮಾಹಿತಿಯನ್ನು ನಾವು ಎಂದೂ ಮಾರುವುದಿಲ್ಲ ಎಂಬ ಹಳೆಯ ವಾಗ್ದಾನವನ್ನು ತನ್ನ ಪುಟದಿಂದ ತೆಗೆದುಹಾಕಿತು. ಗಲಾಟೆಯಾದ ಮೇಲೆ ನಿಯಮದ ಮಾತುಗಳನ್ನು ತಿದ್ದಿ, ಕಾನೂನಿನಲ್ಲಿ ಮಾರಾಟ ಎಂಬ ಪದಕ್ಕೆ ವಿಶಾಲವಾದ ಅರ್ಥವಿದೆಯೆಂದು ವಿವರಿಸಿತು. ವಿವರಣೆ ಸರಿಯಿರಬಹುದು, ಆದರೆ ಪತ್ರ ಬರೆದು ಕೊಟ್ಟ ಮಾತನ್ನು ಅಳಿಸಿದ ಮೇಲೆ ವಿವರಿಸುವುದಕ್ಕೂ ಅಳಿಸುವ ಮೊದಲು ವಿವರಿಸುವುದಕ್ಕೂ ವ್ಯತ್ಯಾಸವಿದೆ ಎಂದು ಕಾಗದಪತ್ರಗಳ ನಡುವೆಯೇ ಬದುಕುವ ನನಗೆ ಅನಿಸಿತು. ಅದರ ಆದಾಯದ ಬಹುಪಾಲು ಗೂಗಲ್ ಶೋಧವನ್ನು ಬ್ರೌಸರಿನಲ್ಲಿ ಮೊದಲೇ ಇಟ್ಟುಕೊಡುವ ಒಪ್ಪಂದದಿಂದ ಬರುತ್ತದೆ ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ನಮ್ಮ ಕೆಲಸದಲ್ಲಿ ನಿಜವಾದ ತೊಡಕಿನ ಜಾಗ ಡಿಜಿಟಲ್ ಸಹಿಯನ್ನು ಹೊತ್ತ, ಯಂತ್ರಕ್ಕೆ ಸಿಕ್ಕಿಸುವ ಡಿಎಸ್‌ಸಿ ಟೋಕನ್. ಸಹಿ ಹಾಕುವ ತಂತ್ರಾಂಶ ನಮ್ಮದೇ ಯಂತ್ರದಲ್ಲಿ ಕುಳಿತು ಬ್ರೌಸರಿನ ಜೊತೆ ಮಾತನಾಡುವಾಗ ತನ್ನದೇ ಪ್ರಮಾಣಪತ್ರವನ್ನು ತೋರಿಸುತ್ತದೆ. ಅದನ್ನು ನಂಬಬೇಕೋ ಬೇಡವೋ ಎಂಬುದನ್ನು ಬ್ರೌಸರ್ ತೀರ್ಮಾನಿಸಬೇಕು. ಫೈರ್‌ಫಾಕ್ಸ್ ತನ್ನದೇ ಆದ ನಂಬಿಕೆಯ ಪಟ್ಟಿಯನ್ನು ಇಟ್ಟುಕೊಂಡಿರುವುದರಿಂದ ಹಿಂದೆ ಅದನ್ನು ಕೈಯಾರೆ ಸೇರಿಸಬೇಕಾಗುತ್ತಿತ್ತು. 2023ರ ಕೊನೆಯಲ್ಲಿ ಬಂದ 120ನೇ ಆವೃತ್ತಿಯಿಂದ, ಬಳಕೆದಾರರು ವಿಂಡೋಸ್‌ನಲ್ಲಿ ಸೇರಿಸಿದ ಪ್ರಮಾಣಪತ್ರಗಳನ್ನು ಅದು ತಾನೇ ಓದಿಕೊಳ್ಳುತ್ತದೆ. ಈ ಪ್ರತ್ಯೇಕ ಪಟ್ಟಿಯನ್ನು ಮೊದಮೊದಲು ಕಿರಿಕಿರಿ ಎಂದುಕೊಂಡಿದ್ದೆ. ಆದರೆ 2014ರ ಜುಲೈನಲ್ಲಿ ನಡೆದದ್ದನ್ನು ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ನಮ್ಮ ದೇಶದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಅಡಿಯಲ್ಲಿದ್ದ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯ ಪ್ರಾಧಿಕಾರದಿಂದ ಗೂಗಲ್‌ನ ವಿಳಾಸಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿದ್ದವು. ಆ ನಿಯಂತ್ರಕರ ಮೂಲ ಪ್ರಮಾಣಪತ್ರ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿದ್ದುದರಿಂದ ವಿಂಡೋಸ್‌ನ ಬಹುತೇಕ ತಂತ್ರಾಂಶಗಳು ಅವನ್ನು ನಂಬುವ ಸ್ಥಿತಿಯಲ್ಲಿದ್ದವು. ಕ್ರೋಮ್ ತಡೆಪಟ್ಟಿಯನ್ನು ತುರ್ತಾಗಿ ಕಳಿಸಬೇಕಾಯಿತು. ತನ್ನ ಪಟ್ಟಿಯಲ್ಲಿ ಅದನ್ನು ಸೇರಿಸಿಕೊಂಡೇ ಇರದಿದ್ದ ಫೈರ್‌ಫಾಕ್ಸ್‌ಗೆ ಏನೂ ಆಗಲಿಲ್ಲ. ಕ್ರೋಮ್ ಸಹ 2022ರಿಂದ ತನ್ನದೇ ಪಟ್ಟಿಯನ್ನು ಬಳಸತೊಡಗಿದೆ.

ಮೈಕ್ರೋಸಾಫ್ಟ್‌ನ ಎಡ್ಜ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 2020ರ ಜನವರಿಯಿಂದ ಅದರ ಒಡಲೂ ಕ್ರೋಮಿಯಂ. ಹಳೆಯ ಪೋರ್ಟಲ್‌ಗಳಿಗಾಗಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮೋಡ್ ಇರುವುದು ಅದರ ನಿಜವಾದ ಉಪಯೋಗ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದರೂ ಅದರಲ್ಲಿ ಎಡ್ಜ್‌ಗೆ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ತೆರೆದ ಕೂಡಲೇ ಸುದ್ದಿಯ ಸಂತೆಯನ್ನು ಹರಡುವ ಮೊದಲ ಪುಟವನ್ನು ಖಾಲಿ ಮಾಡಿಕೊಂಡರೆ ಕೆಲಸಕ್ಕೆ ಅಡ್ಡಿಯಿಲ್ಲ.

ಬ್ರೇವ್‌ನಲ್ಲಿ ಜಾಹೀರಾತು ಮತ್ತು ನಮ್ಮ ಜಾಡು ಹಿಡಿಯುವ ಹಿಂಬಾಲಕಗಳ ತಡೆ ಹುಟ್ಟಿನಿಂದಲೇ ಇದೆ, ಎಕ್ಸ್‌ಟೆನ್ಷನ್ ಬೇಕಿಲ್ಲ. ಹೊಸಬರೊಬ್ಬರಿಗೆ ಏನನ್ನೂ ಹೊಂದಿಸದೆ ಕೊಡಬಹುದಾದದ್ದು ಇದೇ. ಆದರೆ 2020ರಲ್ಲಿ ಕ್ರಿಪ್ಟೋ ವಿನಿಮಯ ತಾಣವೊಂದರ ವಿಳಾಸವನ್ನು ಟೈಪಿಸಿದಾಗ ಬ್ರೌಸರ್ ತನ್ನ ಕಮಿಷನ್‌ನ ಸಂಕೇತವನ್ನು ಅದಕ್ಕೆ ತಾನಾಗಿ ಜೋಡಿಸುತ್ತಿದ್ದುದು ಬಯಲಾಗಿ, ಮುಖ್ಯಸ್ಥ ಬ್ರೆಂಡನ್ ಐಕ್ ತಪ್ಪೊಪ್ಪಿಕೊಂಡು ಸರಿಪಡಿಸಿದರು. ಮೊತ್ತ ದೊಡ್ಡದಲ್ಲದಿರಬಹುದು, ಗ್ರಾಹಕರ ಚಲನ್‌ಗೆ ನಾನು ಹೀಗೆ ಒಂದು ರೂಪಾಯಿ ಸೇರಿಸಿದ್ದರೆ ನನ್ನ ಕಚೇರಿ ಈಗ ಇರುತ್ತಿರಲಿಲ್ಲ.

ನಮ್ಮ ದೇಶದ್ದನ್ನೇ ಬಳಸಬಾರದೇ ಎಂದು ನಿವೃತ್ತ ಉಪನ್ಯಾಸಕರೊಬ್ಬರು ಕೇಳಿದ್ದರಿಂದ ಜೋಹೋ ಕಂಪನಿಯ ಉಲಾವನ್ನೂ ಒಂದು ವಾರ ಬಳಸಿದೆ. ಕೇಂದ್ರ ಸರ್ಕಾರದ ಸ್ವದೇಶಿ ಬ್ರೌಸರ್ ಸ್ಪರ್ಧೆಯಲ್ಲಿ 2025ರಲ್ಲಿ ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನ ಪಡೆದದ್ದು ಜೋಹೋ. ಕೆಲಸಕ್ಕೆ, ಮಕ್ಕಳಿಗೆ, ಸ್ವಂತ ಬಳಕೆಗೆ ಬೇರೆ ಬೇರೆ ಮೋಡ್‌ಗಳಿರುವುದು ನನಗೆ ಹಿಡಿಸಿತು. ಆದರೂ ಅದರ ಒಡಲು ಕ್ರೋಮಿಯಂ ಆಗಿರುವುದರಿಂದ ಭದ್ರತೆಯ ಪ್ಯಾಚ್ ಮೊದಲು ಗೂಗಲ್‌ನ ಅಡುಗೆಮನೆಯಲ್ಲಿ ಬೇಯಬೇಕು, ಆಮೇಲೆ ಇಲ್ಲಿ ಬಡಿಸಬೇಕು. ಎಡ್ಜ್ ಮತ್ತು ಬ್ರೇವ್‌ಗೂ ಇದೇ ಮಾತು. ಹೀಗಾಗಿ ಇಂಥ ಬ್ರೌಸರ್ ಬಳಸುವವರು ಅಬೌಟ್ ಪುಟವನ್ನು ತೆರೆದು, ಅದರೊಳಗಿನ ಕ್ರೋಮಿಯಂ ಆವೃತ್ತಿ ಕ್ರೋಮ್‌ನದಕ್ಕಿಂತ ಎಷ್ಟು ಹಿಂದಿದೆಯೆಂದು ಆಗಾಗ ನೋಡಿಕೊಳ್ಳುವುದು ಒಳ್ಳೆಯದು.

ವಿಂಡೋಸ್ 7 ಯಂತ್ರದ ಮಟ್ಟಿಗೆ ಹೋಲಿಕೆ ಒಂದೇ ಸಾಲಿನದು. ಕ್ರೋಮ್ 2023ರ ಜನವರಿಯ 109ನೇ ಆವೃತ್ತಿಗೆ ಅಲ್ಲಿಂದ ಹೊರನಡೆಯಿತು. ಮೊಜಿಲ್ಲಾ ಅಲ್ಲಿ ಓಡುವ, ದೀರ್ಘ ಬೆಂಬಲದ 115ನೇ ಇಎಸ್‌ಆರ್ ಆವೃತ್ತಿಗೆ ಪ್ಯಾಚ್ ಕೊಡುವ ಅವಧಿಯನ್ನು ಒಂದಕ್ಕಿಂತ ಹೆಚ್ಚು ಸಲ ವಿಸ್ತರಿಸಿತು. ಹಳೆಯ ಯಂತ್ರದವರನ್ನು ಥಟ್ಟನೆ ಕೈಬಿಡದ ಈ ನಡತೆ ನನ್ನ ಲೆಕ್ಕದಲ್ಲಿ ಫೈರ್‌ಫಾಕ್ಸ್‌ನ ಪರವಾಗಿ ಬಲವಾಗಿಯೇ ತೂಗಿತು. ಆದರೆ ಕಾರ್ಯವ್ಯವಸ್ಥೆಗೇ 2020ರ ಜನವರಿಯಿಂದ ಬೆಂಬಲವಿಲ್ಲದಿರುವಾಗ ಬ್ರೌಸರ್ ಒಂದೇ ಏನು ಮಾಡೀತು, ಸೂರಿನ ಹಂಚು ಹಾರಿಹೋದ ಮನೆಗೆ ಹೊಸ ಬೀಗ ಹಾಕಿದ ಹಾಗೆ. ಆ ಯಂತ್ರದ ನೆಟ್ ಕೇಬಲನ್ನು ಕಿತ್ತುಹಾಕಿದ್ದೇನೆ. ಅದು ಈಗ ಸ್ಕ್ಯಾನ್ ಮಾತ್ರ ಮಾಡುತ್ತದೆ.

ಕೃಷ್ಣ ಜನ್ಮಾಷ್ಟಮಿಯ ಮರುದಿನದ ವಿಟ್ಲಪಿಂಡಿಯ ಗದ್ದಲವೂ ಸೆಪ್ಟೆಂಬರ್ 15ಕ್ಕೆ ಮುಂದೂಡಲಾಗಿದ್ದ ರಿಟರ್ನ್ ಗಡುವಿನ ಗದ್ದಲವೂ ಒಟ್ಟಿಗೆ ಬಂದ ವಾರದ ಹೊತ್ತಿಗೆ ವ್ಯವಸ್ಥೆ ಒಂದು ರೂಪಕ್ಕೆ ಬಂದಿತ್ತು. ದಿನದ ಎಲ್ಲ ಕೆಲಸಕ್ಕೆ ಫೈರ್‌ಫಾಕ್ಸ್, ಅದರಲ್ಲಿ ಯುಬ್ಲಾಕ್ ಒರಿಜಿನ್ ಬಿಟ್ಟರೆ ಬೇರೆ ಎಕ್ಸ್‌ಟೆನ್ಷನ್ ಇಲ್ಲ. ಡಿಎಸ್‌ಸಿ ಸಹಿಗೆ ಮತ್ತು ಹಠಮಾರಿ ಪೋರ್ಟಲ್‌ಗಳಿಗೆ ಎಡ್ಜ್. ಗ್ರಾಹಕರು ಕಳಿಸುವ ಅಪರಿಚಿತ ಲಿಂಕ್‌ಗಳಿಗೆ ಯಾವ ಖಾತೆಗೂ ಲಾಗಿನ್ ಆಗಿರದ ಕ್ರೋಮ್, ಅದರ ಗೋಡೆ ಗಟ್ಟಿ ಎಂಬ ನಂಬಿಕೆಯಿಂದಲೇ. ಇನ್ನು ಮುಚ್ಚಿ ತೆರೆಯುವ ವಿಷಯ: ಗುಡುಗಿನ ತಿಂಗಳುಗಳಲ್ಲಿ ನಮ್ಮ ಕಡೆ ಮೊದಲ ಸದ್ದಿಗೇ ಪ್ಲಗ್ ಎಳೆಯುವ ರೂಢಿಯಿರುವುದರಿಂದ ಬ್ರೌಸರ್‌ಗಳು ತಾವಾಗಿಯೇ ಹೊಸದಾಗುತ್ತಿದ್ದವು; ಜಡಿಮಳೆಯ ದಿನಗಳಲ್ಲಿ ಗುಡುಗಿಲ್ಲ, ಪ್ಲಗ್ ಎಳೆಯುವವರಿಲ್ಲ, ಅಪ್‌ಡೇಟ್ ಕಾಯುತ್ತಲೇ ಇರುತ್ತದೆ. ಈಗ ಸಂಜೆ ಶಟರ್ ಎಳೆಯುವ ಮೊದಲು ಗುಡುಗಿದ್ದರೂ ಇಲ್ಲದಿದ್ದರೂ ಬ್ರೌಸರ್‌ಗಳನ್ನು ಮುಚ್ಚುತ್ತೇವೆ, ಮರುದಿನ ಬೇಕಾದ ಟ್ಯಾಬ್‌ಗಳನ್ನು ಬುಕ್‌ಮಾರ್ಕ್ ಮಾಡಿಟ್ಟು.

ಆ ವಾರವೇ ಮಲ್ಪೆಯ ಬೋಟಿನ ಯಜಮಾನರೊಬ್ಬರು ರಿಟರ್ನ್‌ಗೆಂದು ಬಂದು, ನನ್ನ ಪರದೆಯಲ್ಲಿ ಹೊಸ ಗುರುತನ್ನು ನೋಡಿ, “ಎಂತ ಸರ್, ಗೂಗಲ್ ಬಿಟ್ಟದ್ದಾ?” ಎಂದು ಕೇಳಿದರು. ಹೌದೆಂದು ಹೇಳಿ, ಅವರ ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಹುಡುಕಲು ಫೈರ್‌ಫಾಕ್ಸ್‌ನ ವಿಳಾಸಪಟ್ಟಿಯಲ್ಲಿ ಟೈಪಿಸಿದೆ. ತೆರೆದುಕೊಂಡದ್ದು ಗೂಗಲ್‌ನ ಪುಟ. ಅವರು ನಕ್ಕರು, ನಾನು ಐಎಫ್‌ಎಸ್‌ಸಿ ಬರೆದುಕೊಂಡೆ.