ಹಾಕುವಾಗ ಸಲೀಸು, ತೆಗೆಯುವಾಗ ಖಾತೆಗೆ ಬೀಗ: ಬೆಟ್ಟಿಂಗ್ ಆ್ಯಪ್‌ಗಳ ಪಾವತಿ ವ್ಯವಸ್ಥೆ ಹೇಗಿದೆ?

ಮಾಟುಂಗದ ಹೋಟೆಲ್ ಕೆಲಸಗಾರರಿಂದ ಡೊಂಬಿವಲಿ ಲೋಕಲ್‌ನಲ್ಲಿ ಆಫೀಸಿಗೆ ಹೋಗುವವರವರೆಗೆ ಮುಂಬೈಯ ನಮ್ಮ ಹುಡುಗರ ಮೊಬೈಲಿಗೆ ಈ ಆ್ಯಪ್‌ಗಳ ಲಿಂಕ್ ಬರುತ್ತಲೇ ಇರುತ್ತದೆ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಪ್ರಕಾರ, ಹಣ ಕಟ್ಟಿ ಆಡುವ ಆಟ ನಡೆಸುವವರಿಗಷ್ಟೇ ಅಲ್ಲ, ಅದಕ್ಕೆ ದುಡ್ಡು ಸಾಗಿಸಿಕೊಡುವವರಿಗೂ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಅವನಿಗೆ ಪೆಟ್ಟು ಬೀಳುವುದು ಸಂಬಳದ ಖಾತೆಯ ಮೇಲೆ.

ಕಾರ್ಡಿನ ಕತೆ ಚಿಕ್ಕದು. ಜೂಜಿನ ವಹಿವಾಟಿಗೆ 7995 ಎಂಬ ಪ್ರತ್ಯೇಕ ಸಂಕೇತವಿದೆ. ಅದನ್ನು ಕಂಡೊಡನೆ ಬ್ಯಾಂಕು ತಡೆಯಬಲ್ಲದು.

ಹಾಗಾಗಿ ಎಲ್ಲವೂ ಯುಪಿಐ, ಐಎಂಪಿಎಸ್ ಕಡೆಗೆ ಹರಿದಿದೆ. ಇಲ್ಲಿ ಗಮನಿಸಬೇಕಾದದ್ದು ಪಾವತಿಯ ಪರದೆ. ಆ್ಯಪ್‌ನ ಹೆಸರು ಒಂದು, ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಕಾಣುವುದು ಯಾವುದೋ ಬಟ್ಟೆ ಅಂಗಡಿಯ ಅಥವಾ ಅಪರಿಚಿತ ವ್ಯಕ್ತಿಯ ಹೆಸರು. ಮತ್ತೆ ತೆರೆದರೆ ಬೇರೆ ಖಾತೆ. ಇವು ಬೇರೆಯವರಿಂದ ಬಾಡಿಗೆಗೆ ಪಡೆದ ಖಾತೆಗಳು. ಒಂದು ಸ್ಥಗಿತವಾದರೆ ಇನ್ನೊಂದು ಬರುತ್ತದೆ. ಹಳೆಯ ಕ್ಯೂಆರ್‌ಗೆ ಹಣ ಹಾಕಿ 12 ಅಂಕಿಯ ಯುಟಿಆರ್ (ಪಾವತಿಯ ಗುರುತಿನ ಸಂಖ್ಯೆ) ಆ್ಯಪ್‌ನವರಿಗೆ ಕಳಿಸಿದರೂ 'ಜಮಾ ಆಗಿಲ್ಲ' ಎಂಬ ಉತ್ತರ ಬರಬಹುದು. ಬ್ಯಾಂಕಿನ ಲೆಕ್ಕದಲ್ಲಿ ಪಾವತಿ ಯಶಸ್ವಿಯಾಗಿರುತ್ತದೆ, ಆದ್ದರಿಂದ ಅದು ತಾನಾಗಿ ವಾಪಸ್ಸು ಬರುವುದಿಲ್ಲ.

ಗೆದ್ದ ಹಣ ಇನ್ನೂ ಅಪಾಯಕಾರಿ. ಅದು ಬರುವುದೂ ಇಂಥದೇ ಖಾತೆಯಿಂದ. ಅದೇ ಖಾತೆಗೆ ಬೇರೆ ರಾಜ್ಯದಲ್ಲಿ ಯಾರೋ ಮೋಸಹೋದ ದುಡ್ಡು ಬಿದ್ದಿದ್ದರೆ, ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟ ಮೇಲೆ ಆ ಹಣ ಹಾದುಹೋದ ಖಾತೆಗಳನ್ನೆಲ್ಲ ಬ್ಯಾಂಕುಗಳು ಹಿಂಬಾಲಿಸಿ ತಡೆಹಿಡಿಯಬಹುದು. 3,000 ರೂಪಾಯಿ ಗೆದ್ದವನ ಸಂಬಳದ ಖಾತೆಯೂ ಆ ಸಾಲಿನಲ್ಲಿ ಸಿಕ್ಕಿಬೀಳಬಹುದು. ಬಾಡಿಗೆ, ಊರಿಗೆ ಕಳಿಸುವ ದುಡ್ಡು ಎಲ್ಲವೂ ಅಲ್ಲೇ ನಿಲ್ಲುತ್ತದೆ.

ಯುಎಸ್‌ಡಿಟಿ (ಡಾಲರ್ ಬೆಲೆಗೆ ಜೋಡಿಸಿದ ಕ್ರಿಪ್ಟೋ ನಾಣ್ಯ) ಮೂಲಕ ಹಣ ಹಾಕಿ ತೆಗೆಯುವುದು ಸುರಕ್ಷಿತ ಎನ್ನುವ ಮಾತು ನಂಬಬೇಡಿ. ಅದನ್ನು ಮಾರಿ ರೂಪಾಯಿ ಮಾಡಿಕೊಳ್ಳುವಾಗ ಕೊಳ್ಳುವ ಅಪರಿಚಿತನ ಖಾತೆಯಿಂದಲೇ ಹಣ ಬರುತ್ತದೆ, ಅಲ್ಲಿಗೆ ಅದೇ ಸಮಸ್ಯೆ. ಜೊತೆಗೆ ಲಾಭಕ್ಕೆ 30% ತೆರಿಗೆ, ವರ್ಗಾವಣೆಗೆ 1% ಟಿಡಿಎಸ್. ಕಳಿಸುವಾಗ ತಪ್ಪು ಕ್ರಿಪ್ಟೋ ನೆಟ್‌ವರ್ಕ್ ಆರಿಸಿದರೆ ಹಣ ಸಿಗದೇ ಹೋಗಬಹುದು.

'ಗೋವಾ ಕ್ಯಾಸಿನೋ' ಎಂದು ಬರೆದುಕೊಂಡಿರುವ ಆ್ಯಪ್‌ಗಳೂ ಇವೆ. ಪಣಜಿಯ ಮಾಂಡೋವಿ ನದಿಯ ಹಡಗುಗಳಿಗೆ ಗೋವಾ ಸರ್ಕಾರದ ಪರವಾನಗಿ ಇದೆ ನಿಜ. ಅದು ಹಡಗಿನೊಳಗಿನ ಮೇಜುಗಳಿಗೆ, ನಿಮ್ಮ ಫೋನಿಗಲ್ಲ.

ಒಟ್ಟು ಪಾವತಿ ವ್ಯವಸ್ಥೆಗೆ 5ಕ್ಕೆ 0 ಅಂಕ. ಆದರೆ ಖಾತೆ ಈಗಾಗಲೇ ನಿಂತಿದ್ದರೆ ಕೈಕಟ್ಟಿ ಕೂರಬೇಡಿ. ಶಾಖೆಗೆ ಹೋಗಿ ಲಿಖಿತವಾಗಿ ಕೇಳಿ: ದೂರಿನ ಸಂಖ್ಯೆ ಯಾವುದು, ಯಾವ ರಾಜ್ಯದ ಯಾವ ಠಾಣೆ, ತನಿಖಾಧಿಕಾರಿಯ ಇಮೇಲ್ ಏನು, ವಿವಾದದ ಮೊತ್ತ ಎಷ್ಟು. ಆ ಮೊತ್ತವನ್ನಷ್ಟೇ ತಡೆಹಿಡಿದು ಉಳಿದದ್ದನ್ನು ಬಿಡಿ ಎಂದು ಅದೇ ಅರ್ಜಿಯಲ್ಲಿ ಬರೆಯಿರಿ, ಸೀಲು ಹಾಕಿದ ನಕಲು ಪಡೆಯಿರಿ. ಠಾಣೆಗೆ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಆ್ಯಪ್‌ನ ಸ್ಕ್ರೀನ್‌ಶಾಟ್ ಕಳಿಸಿ. ಸ್ನೇಹಿತ ಕೊಟ್ಟ ಸಾಲ ಎಂದು ಸುಳ್ಳು ಬರೆಯಬೇಡಿ, ಆ ಸ್ನೇಹಿತನನ್ನೂ ಕರೆಯುತ್ತಾರೆ. ಬ್ಯಾಂಕು 30 ದಿನ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್ ದೂರು ಕೊಡಬಹುದು, ಶುಲ್ಕವಿಲ್ಲ. ಆದರೆ ಪೊಲೀಸರ ಆದೇಶವನ್ನು ತೆರವು ಮಾಡಬೇಕಾದವರು ಪೊಲೀಸರು ಅಥವಾ ನ್ಯಾಯಾಲಯ. ಅಷ್ಟರೊಳಗೆ ಮಾಲೀಕರಿಗೆ ಹೇಳಿ, ಮುಂದಿನ ಸಂಬಳ ನಿಮ್ಮ ಹೆಸರಿನ ಬೇರೆ ಬ್ಯಾಂಕಿನ ಖಾತೆಗೆ ಬರುವಂತೆ ಮಾಡಿಕೊಳ್ಳಿ.